ತಣ್ಣೀರಿನ ನಲ್ಲಿಯ ಕಾವಲುಗಾರ

ಬಿಸಿನೀರಲ್ಲಿ ಕೂರುವುದರಲ್ಲಿ ನಮ್ಮ ಕಿಹಾಚಿಯನ್ನು ಮೀರಿಸುವ ಗಂಡಸು ಇಡೀ ಜಪಾನಿನಲ್ಲಿ ಹುಟ್ಟಿಲ್ಲ. ಅವನ ಹೆಂಡತಿ ಇಸೋಳನ್ನು ಮೀರಿಸುವ ಹೆಂಗಸು ಇನ್ನು ಮುಂದೆ ಹುಟ್ಟುವುದೂ ಇಲ್ಲ. ಇದು ಕಿಹಾಚಿಯೇ ಊರೆಲ್ಲ ಸಾರಿದ ಮಾತು. ನಾವೂ ನಂಬಿದ್ದೆವು. ಅವನು ಮುಳುಗಿದ ನೀರಿಗೆ ಅಕ್ಕಿ ಹಾಕಿದರೆ ಅವನು ಏಳುವ ಹೊತ್ತಿಗೆ ಅನ್ನವಾಗಿರುತ್ತಿತ್ತು. ಒಮ್ಮೆ ಅವನ ಬೋಳುತಲೆಯ ಮೇಲೆ ಕೂತ ನೊಣ ಬೆಂದೇ ಕೆಳಗೆ ಬಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮೂರು ಬೆಪ್ಪು, ಹೆಸರು ಕೇಳಿ ನಗಬೇಡಿ. ಬೇರೆ ಕಡೆ ಪಾಪ ಮಾಡಿದವರು ನರಕಕ್ಕೆ ಹೋಗುತ್ತಾರೆ, ನಮ್ಮಲ್ಲಿ ಟಿಕೆಟ್ ಕೊಂಡವರು. ನೆತ್ತರಿನಂಥ ಕೆಂಪು ಕೊಳವೊಂದು, ಕಡಲಿನಂಥ ನೀಲಿಯದೊಂದು, ಎಲ್ಲವೂ ಕೊತಕೊತ ಕುದಿಯುವಂಥವು. ಎಲ್ಲಕ್ಕೂ ನರಕವೆಂದೇ ಹೆಸರು. ನೀಲಿ ನರಕದ ಬಾಗಿಲಲ್ಲಿ ನೆಲದ ಹಬೆಯಲ್ಲೇ ಮೊಟ್ಟೆ ಬೇಯಿಸಿ ಮಾರುವುದು ಕಿಹಾಚಿಯ ಕಸುಬು. "ಬನ್ನಿ ಬನ್ನಿ, ನರಕಕ್ಕೆ ಬಂದೋರು ಹಸ್ಕೊಂಡು ಹೋಗ್ಬಾರ್ದು!" ಎಂದು ಕೂಗುತ್ತಾನೆ.

ಸಂಜೆ ಪ್ರವಾಸಿಗಳು ಹೋಟೆಲು ಸೇರಿದರೆ ನಾವು ನಮ್ಮ ಕೇರಿಯ ಸ್ನಾನದ ಮನೆ ಸೇರುತ್ತೇವೆ. ತೊಟ್ಟಿ ಒಂದೇ, ನಡುವೆ ಗೋಡೆ. ಈಚೆ ಗಂಡಸರು, ಆಚೆ ಹೆಂಗಸರು. ನೀರು ಮಾತ್ರ ಗೋಡೆಯಡಿಯ ಕಂಡಿಯಲ್ಲಿ ಎರಡೂ ಕಡೆ ಓಡಾಡುತ್ತದೆ. ತಣ್ಣೀರಿನ ನಲ್ಲಿ ಇರುವುದು ನಮ್ಮ ಕಡೆ, ಅದಕ್ಕೆ ಕಿಹಾಚಿಯ ಕಾವಲು. ಹೊಸಬರು ಯಾರಾದರೂ ಕೈ ಚಾಚಿದರೆ ಮುಗಿಯಿತು.

"ಏಯ್, ಮುಟ್ಟಬೇಡ! ತಣ್ಣಗೆ ಬೇಕಿದ್ರೆ ಸಮುದ್ರ ಅಲ್ಲಿದೆ, ಹೋಗಿ ಬೀಳು. ಆಚೆ ನನ್ನ ಹೆಂಡ್ತಿ ಕುತ್ತಿಗೆ ತನಕ ಮುಳುಗಿದಾಳೆ, ತುಟಿಪಿಟಕ್ ಅಂದಿಲ್ಲ!"

ಏಳುವ ಹೊತ್ತಿಗೆ ಗೋಡೆಯಾಚೆಗೆ ಕೂಗುವುದು ನಮ್ಮ ಕೇರಿಯ ಗಂಡಹೆಂಡಿರ ರೂಢಿ.

"ಇಸೋ, ಎದ್ದೆ ಕಣೇ!"

"ಹೂಂ, ನಾನೂ ಬಂದೆ!"

ಬಾಗಿಲಲ್ಲಿ ಕೂಡಿಕೊಂಡು ಇಬ್ಬರೂ ಬೆಟ್ಟದ ಇಳಿಜಾರಲ್ಲಿ ಮನೆಯ ದಾರಿ ಹಿಡಿಯುವರು. ಇಸೋ ಕಡಲಾಚೆಯ ಮೀನುಗಾರರ ಊರಿಂದ ಮದುವೆಯಾಗಿ ಬಂದವಳು, ನಮ್ಮಂತೆ ಕುದಿನೀರಲ್ಲಿ ಈಜಿ ಬೆಳೆದವಳಲ್ಲ. ಆದರೂ ದೀಪದ ಕೆಳಗೆ ಅವಳ ಕೆನ್ನೆ ತೋರಿಸಿ ಕಿಹಾಚಿ, "ನೋಡ್ರೋ, ಬೇಯಿಸಿದ ಏಡಿ ಇದ್ದ ಹಾಗಿದಾಳೆ!" ಎಂದು ಬೀಗುವನು. ಅವಳು ನಗುವಳು.

ಹೋದ ಚಳಿಗಾಲದಲ್ಲಿ ಇಸೋ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅಸ್ಥಿಯ ಭರಣಿಯ ಮುಂದೆ ನಾವೆಲ್ಲ ಕೂತಿದ್ದಾಗಲೂ ಕಿಹಾಚಿ ಅದೇ ರಾಗ ಎತ್ತಿದ. "ಎಂಥಾ ಹೆಂಗಸು! ಅಂಥಾ ನೀರಲ್ಲಿ ನನ್ನ ಸಮಕ್ಕೆ..."

ಪಕ್ಕದ ಮನೆಯ ಫುಸಾ ಅಜ್ಜಿ ಚಹಾದ ಬಟ್ಟಲು ಕೆಳಗಿಟ್ಟಳು. "ಸಾಕು ಮಾಡಿ ಕಿಹಾಚಿ ಸಾನ್. ಅವಳು ಒಂದು ದಿನಾನೂ ಆ ನೀರಿಗೆ ಇಳಿದೋಳಲ್ಲ."

"ಏನಂದ್ರಿ?"

"ಸುಡ್ತದೆ ಅಂತ ದಂಡೆ ಮೇಲೇ ಕೂತು, ಬೋಗುಣೀಲಿ ಆರಿಸಿ ಆರಿಸಿ ಮೈಗೆ ಹುಯ್ಕೊಳ್ಳೋಳು. ಚಳೀಲಿ ಹಲ್ಲು ಕಟಕಟ ಅನ್ನೋದು. ಗೋಡೆ ಆಚೆಗೆ ಒಂದು ಮಾತು ಕೂಗಿ ಹೇಳೇ, ನಲ್ಲಿ ಬಿಡ್ತಾರೆ ಅಂತ ಎಷ್ಟು ಸಲ ಅಂದೆ. 'ಬೇಡಕ್ಕಾ, ಅವರು ಅಂಗಡಿ ಬೀದೀಲೆಲ್ಲ ನನ್ನ ಹೊಗಳ್ಕೊಂಡು ಬಂದಿದಾರೆ' ಅನ್ನೋಳು. ನೀವು ಕೂಗಿದ ತಕ್ಷಣ ಟವೆಲಲ್ಲಿ ಕೆನ್ನೆ ತಿಕ್ಕಿ ಕೆಂಪಗೆ ಮಾಡ್ಕೊಂಡು ಓಡೋಳು."

ಕಿಹಾಚಿ ತನ್ನ ಅಂಗೈಯನ್ನೇ ನೋಡಿಕೊಂಡ.

"ಇಳಿಜಾರಲ್ಲಿ ನನ್ನ ಕೈ ಹಿಡ್ಕೊಳ್ಳೋಳು," ಎಂದ. "ಮಂಜುಗಡ್ಡೆ ಹಾಗೆ ಇರ್ತಿತ್ತು. ಬೆಟ್ಟದ ಗಾಳಿ ಅಂದ್ಕೊಂಡಿದ್ದೆ."

ಆಮೇಲೆ ಬಹಳ ದಿನ ಅವನು ಸ್ನಾನದ ಮನೆ ಕಡೆ ಸುಳಿಯಲಿಲ್ಲ. ಒಂದು ಸಂಜೆ ಬಂದವನು ನೆಟ್ಟಗೆ ಹೋಗಿ ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಮುದುಕರೆಲ್ಲ ಭೂಕಂಪವಾದಂತೆ ಎದ್ದು ನಿಂತರು.

"ಅಯ್ಯೋ ಮಾರಾಯ, ಸಾರು ಉಪ್ಪಾಯ್ತು ಅಂತ ನೀರು ಬೆರೆಸ್ತಿದೀಯಾ?"

ನಾನೂ ಸುಮ್ಮನಿರುವ ಆಸಾಮಿಯಲ್ಲ. "ಯಾರಿಗೋ ಈ ತಣ್ಣೀರು? ಇಳೀಬೇಕಾದೋಳು ಹೋಗಿ ಆಯ್ತಲ್ಲ" ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಕಿಹಾಚಿ ನಲ್ಲಿಯಿಂದ ಕೈ ತೆಗೆಯಲಿಲ್ಲ.

"ಗೊತ್ತು ಕಣೋ. ದಿನಾ ಗೋಡೆ ಆಚೆಗೆ ಕೂಗ್ದೆ, ಒಂದು ದಿನಾನೂ ಕೇಳ್ಲಿಲ್ಲ. ನಿನ್ನ ಹೆಂಡ್ತಿ ಇನ್ನೂ ಆಚೇನೇ ಇದಾಳಲ್ಲ, ನೀರಿಗಿಳಿದಿದಾಳೋ ಇಲ್ವೋ, ನೀನಾದ್ರೂ ಕೇಳು."