ನಾಲ್ಕು ತಾಸಿಗೊಂದು ಗುಳಿಗೆ

ಒದ್ದೆ ರದ್ದಿಯ ವಾಸನೆ ನಿಮಗೆ ಹೇಗೋ, ನನಗಂತೂ ಅದೇ ಕಾಲೇಜು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬರುವ ರದ್ದಿಯನ್ನು ವಿಂಗಡಿಸುವುದು ನನ್ನ ಕೆಲಸ. ಅದು ಹೊಸ ಕಾಗದಕ್ಕಾಗಿ ಕುದಿಯಲು ಹೋಗುವ ಮೊದಲು ಕೈಗೆ ಸಿಕ್ಕಷ್ಟು ಓದುತ್ತೇನೆ, ಡಿಕ್ಷನರಿ ಹಿಡಿದುಕೊಂಡು. ಮೊನ್ನೆ ಒಂದು ಗಂಟಿನಿಂದ ಡಾಕ್ಟರುಗಳ ಪತ್ರಿಕೆಯೊಂದು ಜಾರಿಬಿತ್ತು. ಮಾರ್ಫಿನ್ ಬಗ್ಗೆ ಡಾಕ್ಟರುಗಳೇ ಅದರಲ್ಲಿ ಜಗಳ ಹೂಡಿದ್ದರು. ಚಟ ಹತ್ತುತ್ತದೆ, ಕೈ ಬಿಗಿಹಿಡಿಯಿರಿ ಎಂದು ಒಬ್ಬರು. ಸಾಯುವವರಿಗೆ ಚಟದ ಭಯವೇಕೆ, ಗಡಿಯಾರ ನೋಡಿ ಕೊಡಿ, ನೋವು ಏಳುವ ಮೊದಲೇ ಕೊಡಿ ಎಂದು ಇನ್ನೊಬ್ಬರು. ಗಂಟಿನ ಮೇಲೆ ಹಾಗೇ ಕುಳಿತುಬಿಟ್ಟೆ.

ಹಳಿಯಾಳದಲ್ಲಿ ನಮ್ಮವ್ವನ ತಂಗಿ, ನನ್ನ ಚಿಗವ್ವ, ಇದ್ದಳು. ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಿದ್ದಳು. ಅವಳ ಮೆಣಸಿನಕಾಯಿಗಿಂತ ಬಾಯಿಯೇ ಖಾರ ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಗಡ್ಡೆ ಬೆನ್ನೆಲುಬಿಗೆ ಇಳಿಯಿತು. ಹುಬ್ಬಳ್ಳಿಯ ಡಾಕ್ಟರು ಮಾರ್ಫಿನ್ ಗುಳಿಗೆ ಕೊಟ್ಟು, ನಾಲ್ಕು ತಾಸಿಗೊಂದು ಎಂದು ಹೇಳಿ ಮನೆಗೆ ಕಳಿಸಿದರು. ಮಕ್ಕಳಿರಲಿಲ್ಲ. ರಜೆ ಹಾಕಿ ನಾನು ಹೋದೆ. ಮನೆತನದಲ್ಲೆಲ್ಲ ಓದಿದವನು ನಾನೇ, ಮ್ಯಾಟ್ರಿಕ್ ನಪಾಸು!

ಮಾರ್ಫಿನ್ ವಿಷಯ ನಾನು ಆಗಲೇ ಓದಿದ್ದೆ, ರದ್ದಿಯಲ್ಲಿ ಸಿಕ್ಕ ಅರ್ಧ ಲೇಖನದಲ್ಲಿ. ಚಟದ ಅಪಾಯ ಆ ಅರ್ಧದಲ್ಲಿತ್ತು. ಉಳಿದರ್ಧ ಅಷ್ಟರಲ್ಲಿ ಕುದಿದು ಹೋಗಿತ್ತು. ಡಾಕ್ಟರಿಗಿಂತ ಆ ಹರಿದ ಹಾಳೆಯನ್ನು ನಂಬಿದೆ. ಗುಳಿಗೆಯ ಡಬ್ಬಿ ನನ್ನ ಅಂಗಿಯ ಜೇಬು ಸೇರಿತು.

"ಇನ್ನೊಂದೀಟು ತಡ್ಕೋ ಚಿಗವ್ವ. ಚಟಾ ಹತ್ತತೈತಿ."

"ಸಾಯಾಕ ಹೊಂಟಾಕಿಗೆ ಚಟಾ ಹತ್ತಿದ್ರ ಯಾರ ಮನಿ ಹಾಳಾಗತೈತಲೇ, ಶಾಣ್ಯಾ?" ಎಂದು ನಕ್ಕಳು. ನಕ್ಕದ್ದಕ್ಕೇ ಬೆನ್ನು ಹಿಡಿದುಕೊಂಡಿತು.

ದಿನಕ್ಕೆ ಆರು ಬೇಕಾದಲ್ಲಿ ಮೂರು ಕೊಟ್ಟೆ, ಆಮೇಲೆ ಎರಡು. ಅವಳು ಕೇಳುವುದೂ ಕಡಿಮೆಯಾಯಿತು. ನೋವು ಇಳಿಯುತ್ತಿದೆ ಎಂದುಕೊಂಡೆ. ಒಂದು ಮಧ್ಯಾಹ್ನ ಅವಳು ಹೊದ್ದ ಕೌದಿ ಸರಿಮಾಡಲು ಹೋದರೆ ಅದರ ಅಂಚೆಲ್ಲ ಹಲ್ಲಿನ ಗುರುತು, ಅಲ್ಲಲ್ಲಿ ರಕ್ತ.

"ಯಾಕ ಕೇಳಲಿಲ್ಲ ಚಿಗವ್ವ?"

"ನಾ ಕೇಳದಿದ್ರ ನಿನ್ನ ಮಾರಿ ಅರಳತಿತ್ತಪಾ. ಇವತ್ತ ಒಂದ ಗುಳಿಗ್ಯಾಗ ಮುಗಿಸೇನಿ. ಶಾಣ್ಯಾಕಿ ಹೌದಲ್ಲೊ?"

ಜೇಬಿನಿಂದ ಡಬ್ಬಿ ತೆಗೆದೆ. ಒಂದನ್ನು ನುಂಗಿಸಿದೆ. ಆಮೇಲೆ ತಾಸು ತಪ್ಪಿಸಲಿಲ್ಲ. ಆದರೆ ಅವಳಿಗೆ ಉಳಿದದ್ದು ಎರಡೇ ದಿನ. ಆ ಎರಡು ದಿನ ಅವಳು ನಿದ್ದೆ ಮಾಡಿದಳು. ಎಚ್ಚರಾದಾಗ ನನ್ನನ್ನು ಬೈದಳು ಕೂಡ. ನಾನು ಗುಳಿಗೆ ಬಿಗಿಹಿಡಿದ ಹಿಂದಿನ ಮೂವತ್ತು ದಿನವೂ ಹಾಗೇ ಇರಬಹುದಿತ್ತು.

ಈಗ ದಾಂಡೇಲಿಯ ಬಂಗೂರನಗರದಲ್ಲಿ ನನ್ನ ಪಕ್ಕದ ಮನೆಯ ಹುಸೇನಸಾಬರ ಹೆಂಡತಿಗೂ ಅದೇ ಬೇನೆ, ಅದೇ ಗುಳಿಗೆ. ಇವತ್ತು ಬೆಳಿಗ್ಗೆ ಅವರು ಬಾಗಿಲಿಗೆ ಬಂದು ನಿಂತರು.

"ತಮ್ಮಾ, ನೀ ಓದಿದಾಂವ. ಅಕಿ ಎಷ್ಟು ಒದ್ದಾಡಿದ ಮ್ಯಾಲೆ ಕೊಡಬೇಕಪಾ?"

"ಒದ್ದಾಡೂತನಕ ಕಾಯಬ್ಯಾಡ್ರಿ ಕಾಕಾ. ಡಾಕ್ಟರು ಹೇಳಿದ ತಾಸಿಗೆ ಸರಿಯಾಗಿ ಕೊಡ್ರಿ. ಅಕಿ ಬ್ಯಾನಿ ಇಲ್ಲಾ ಅಂದ್ರೂ ಕೊಡ್ರಿ."

"ಇದನ್ನ ಯಾವ ಪುಸ್ತಕದಾಗ ಓದಿದಿ?"

"ಪುಸ್ತಕದಾಗಲ್ಲರಿ," ಎಂದೆ. "ನಮ್ಮ ಚಿಗವ್ವನ ಮೈಮ್ಯಾಲೆ ಕಲ್ತೆ."