ಹೆಪ್ಪು ಯಾರ ಮನೆಯದು

ವಸತಿ ನೆರವು ಪಡೆಯುವವರು ತಮ್ಮ ಕಾಲ ಮೇಲೆ ತಾವು ನಿಂತಿದ್ದಾರೆಯೇ ಎಂದು ನೋಡಿಬರಲು ನನ್ನನ್ನು ಕಚೇರಿಯಿಂದ ಹೊಳವನಹಳ್ಳಿ ಕಡೆ ಕಳಿಸಿದ್ದರು. ಅವರು ನಿಂತಿದ್ದರೆ ನೆರವು ನಿಲ್ಲುತ್ತದೆ.

"ಯಾವುದಕ್ಕಾದರೂ ಬೇರೆಯವರನ್ನ ಕೇಳಬೇಕಾಗುತ್ತಾ ಅಮ್ಮ?" ಎಂದು ಮೊದಲ ಮನೆಯ ರತ್ನಮ್ಮನವರನ್ನು ಕೇಳಿದೆ.

"ಹೂಂ ಕಣಪ್ಪ. ಮೊಸರು ಖಾಲಿಯಾದ್ರೆ ಹೆಪ್ಪಿಗೆ ಪಕ್ಕದ್ಮನೆ ಜಯಮ್ಮನ ಹತ್ರ ಓಯ್ತೀನಿ."

ಇದನ್ನು ಯಾವ ಕಾಲಂನಲ್ಲಿ ಬರೆಯುವುದೋ ತಿಳಿಯದೆ, ನನ್ನ ಪಟ್ಟಿಯಲ್ಲೇ ಇದ್ದ ಜಯಮ್ಮನವರ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಿದೆ.

"ಹೆಪ್ಪಿಗೆ ರತ್ನಕ್ಕನ್ನ ಕೇಳ್ತೀನಿ ಸಾ."

"ಇಬ್ಬರ ಮನೇಲೂ ಒಟ್ಟಿಗೇ ಖಾಲಿಯಾದ್ರೆ?" ಕುತೂಹಲ ತಡೆಯಲಾಗಲಿಲ್ಲ.

"ಅಂಗೆ ಯಾವತ್ತೂ ಆಗೇ ಇಲ್ವಲ್ಲ ಸಾ!"

ಎರಡೂ ಮನೆಗೆ ಸೇರಿ ಒಂದೇ ಫಾರಂ ಇದ್ದಿದ್ದರೆ 'ಸ್ವಾವಲಂಬಿ' ಎಂದು ಬರೆದುಬಿಡುತ್ತಿದ್ದೆ. ಪುಣ್ಯಕ್ಕೆ, ಮನೆಗೊಂದು ಫಾರಂ ಇತ್ತು.