ಒಂದು ನೂಲು ತಗ್ಗು

ಸುಣ್ಣದ ಕುಂಚವನ್ನು ಕೆಳಗೆಸೆದು, ಕಲಬುರ್ಗಿ ಕೋಟೆಯ ಆ ಹಳೆಯ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ಎದುರಿಗೆ ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆಯ ನನ್ನ ಮೇಲಧಿಕಾರಿ. ಮರುದಿನ ಹೈದರಾಬಾದಿನಿಂದ ದೊಡ್ಡ ಸಾಹೇಬರು ಗೋಡೆ ನೋಡಲು ಬರುವವರಿದ್ದರು.

ಬಿರುಕಿಗೆ ನಾನು ತುಂಬಿದ ಗಚ್ಚು ಹಳೆಯ ಗಾರೆಗಿಂತ ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಪಾಲು, ತಗ್ಗಿನಲ್ಲಿತ್ತು. ಯಾವುದು ಹಿಂದಿನವರ ಕೆಲಸ, ಯಾವುದು ನಮ್ಮದು ಎಂದು ನೋಡಿದವರಿಗೆ ತಿಳಿಯಲೆಂದೇ ಹಾಗೆ ಬಿಟ್ಟಿದ್ದೆ.

“ತ್ಯಾಪಿ ಹಚ್ಚಿದಂಗ ಕಾಣ್ತದ. ಪೂರಾ ಸುಣ್ಣ ಬಳಿ. ನಿನಗ ಸನದು ಕೊಟ್ಟವರು ಇಷ್ಟೂ ಕಲಿಸಲಿಲ್ಲೇನು?” ಎಂದು ಕುಂಚವನ್ನು ನನ್ನ ಕೈಗೆ ತುರುಕಿದವರು ಆ ಮೇಲಧಿಕಾರಿಯೇ.

ಉರ್ದು ಪರೀಕ್ಷೆ, ನಕಾಶೆ ಬರೆಯುವ ಪರೀಕ್ಷೆ ಎರಡನ್ನೂ ಪಾಸು ಮಾಡಿ ಆ ಅರ್ಹತಾಪತ್ರ ಪಡೆದವನು ನಾನು. ಅದಕ್ಕೂ ಮೊದಲು ಕಮಲಾಪುರದಲ್ಲಿ ನಮ್ಮಪ್ಪನ ಕೈಕೆಳಗೆ ಗಚ್ಚು ಅರೆದು ಕಲಿತವನು. ಸಿಟ್ಟು ನೆತ್ತಿಗೇರಿತು.

“ಸನದು ಕೊಟ್ಟಿದ್ದು ಮರಾಮತ್ತು ಮಾಡಾಕ್ರೀ ಸಾಹೇಬ್ರ, ಸುಳ್ಳು ಹೇಳಾಕಲ್ಲ. ಬಳಿಯೋದಾದ್ರ ಮೊದಲ ನನ್ನ ಮ್ಯಾಲ ಬಳೀರಿ.”

ಆ ಸಂಜೆಯೇ ನೌಕರಿ ಹೋಯಿತು. ಈಗ ಕಮಲಾಪುರದಲ್ಲಿ ಮನೆ ಕಟ್ಟುವವರಿಗೆ ಗಚ್ಚು ಹಾಕಿಕೊಡುತ್ತೇನೆ. ನಾನು ಬಂದ ಮೇಲೆ ಆ ಗೋಡೆಗೆ ಸುಣ್ಣ ಬಳಿಸಿದರಂತೆ. ಬಳಿಸಲಿ. ನಾಲ್ಕು ಮಳೆಗೆ ಆ ಸುಣ್ಣ ತೊಳೆದುಹೋಗುತ್ತದೆ. ನನ್ನ ಗಚ್ಚು ಅಲ್ಲೇ ಇರುತ್ತದೆ, ಒಂದು ನೂಲು ತಗ್ಗಿನಲ್ಲಿ.